ಹನಿ ಬಿದ್ದಲ್ಲಿ ಹುಡುಕಬೇಡಿ: ಹಳೆಯ ಎಂಜಿನ್ನಿನ ಆಯಿಲ್ ಸೋರಿಕೆ ಪತ್ತೆ ಮಾಡುವುದು ಹೇಗೆ?

ಕ್ಲಾಸಿಕ್ ಕಾರಿನ ಅಡಿಯಲ್ಲಿ ದಿನವೂ ಬೆಳಿಗ್ಗೆ ಅಂಗೈಯಗಲದ ಆಯಿಲ್ ಕಲೆ ಕಾಣಿಸುತ್ತಿದ್ದರೆ, ಅದರ ನೇರ ಮೇಲಿರುವ ಸೀಲನ್ನೋ ಪ್ಯಾಕಿಂಗನ್ನೋ ಬದಲಿಸೋಣ ಎಂದು ಯಾರಿಗಾದರೂ ಅನಿಸುತ್ತದೆ. ನನಗೂ ಅನಿಸಿತ್ತು. ಕ್ಲಚ್ ಹೌಸಿಂಗಿನ ತಳದಿಂದ ಆಯಿಲ್ ತೊಟ್ಟಿಕ್ಕುತ್ತಿದ್ದುದನ್ನು ಕಂಡು, ಕ್ರ್ಯಾಂಕಿನ (ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ) ಹಿಂದಿನ ಸೀಲೇ ಹೋಗಿದೆ ಎಂದು ತೀರ್ಮಾನಿಸಿದೆ. ಎರಡು ಭಾನುವಾರ ನೆಲಕ್ಕೆ ಬೆನ್ನು ಹಚ್ಚಿ ಗೇರ್‌ಬಾಕ್ಸ್ ಇಳಿಸಿ, ಹೊಸ ಸೀಲ್ ಕೂರಿಸಿದೆ. ಮೂರನೆಯ ಭಾನುವಾರ ಅದೇ ಜಾಗದಲ್ಲಿ ಅದೇ ಕಲೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆ. ನಿಜವಾಗಿ ಸೋರುತ್ತಿದ್ದದ್ದು ಬ್ಲಾಕಿನ ಮೇಲ್ಭಾಗದಲ್ಲಿದ್ದ, ಹೆಬ್ಬೆರಳು ಗಾತ್ರದ ಆಯಿಲ್ ಪ್ರೆಶರ್ ಸ್ವಿಚ್.

ಆಯಿಲ್ ಕೆಳಕ್ಕಿಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಂಜಿನ್ ಓಡುವಾಗ ಫ್ಯಾನಿನ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ ಎಂಬುದು ಮರೆತುಹೋಗುತ್ತದೆ. ಬ್ಲಾಕಿನ ಏಣು, ಬೋಲ್ಟಿನ ತಲೆ, ವೈರಿನ ಮೈ ಹಿಡಿದು ಸಾಗಿ ಅದು ಕೊನೆಗೆ ಎಲ್ಲಕ್ಕಿಂತ ತಗ್ಗಿನ ತುದಿಯಿಂದ ಹನಿಯುತ್ತದೆ. ಹಾಗಾಗಿ ನಾವು ಹುಡುಕಬೇಕಾದದ್ದು ಒದ್ದೆಯ ಅತಿ ಎತ್ತರದ, ಅತಿ ಮುಂದಿನ ಅಂಚನ್ನು.

ಮೊದಲು ಮೂಸಿ, ಆಮೇಲೆ ತೊಳೆಯಿರಿ

ಬಿದ್ದದ್ದು ಎಂಜಿನ್ ಆಯಿಲ್ಲೇ ಎಂದು ಖಚಿತಪಡಿಸಿಕೊಳ್ಳಿ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ತೆಗೆದುಕೊಂಡು ನೋಡಿ. ಗೇರ್ ಆಯಿಲ್ ಮಂದವಾಗಿದ್ದು ಗಂಧಕದ ಕಟು ವಾಸನೆ ಬೀರುತ್ತದೆ. ಕೂಲಂಟ್‌ಗೆ ಸಿಹಿ ವಾಸನೆ. ಬ್ರೇಕ್ ಆಯಿಲ್ ತೆಳುವು, ಬಣ್ಣಕ್ಕೆ ತಗುಲಿದರೆ ಬಣ್ಣವನ್ನೇ ಕಿತ್ತುಹಾಕುತ್ತದೆ. ಡಿಪ್‌ಸ್ಟಿಕ್ಕನ್ನೂ ಒಮ್ಮೆ ನೋಡಿಬಿಡಿ. ಮೇಲಿನ ಗೆರೆ ದಾಟಿ ಆಯಿಲ್ ತುಂಬಿಸಿಟ್ಟು ಸೋರುತ್ತದೆ ಎಂದು ಕೊರಗುವವರೂ ಇದ್ದಾರೆ.

ಇನ್ನು ತೊಳೆಯುವ ಕೆಲಸ. ಇದಕ್ಕೆ ಅರ್ಧ ದಿನ ಹೋದರೂ ಚಿಂತಿಲ್ಲ. ವರ್ಷಗಳ ಜಿಡ್ಡಿನ ಮೇಲೆ ಹೊಸ ಸೋರಿಕೆಯನ್ನು ಗುರುತಿಸಲು ಯಾರಿಂದಲೂ ಆಗದು. ಎಂಜಿನ್ ತಣ್ಣಗಿರುವಾಗ ಕಾರ್ಬ್ಯುರೇಟರಿನ ಬಾಯಿ, ಡಿಸ್ಟ್ರಿಬ್ಯೂಟರ್, ಕಾಯಿಲ್, ಡೈನಮೊಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಡೀಗ್ರೀಸರ್ ಹಚ್ಚಿ, ಬ್ರಷ್‌ನಿಂದ ಸಂದುಗೊಂದುಗಳನ್ನು ಉಜ್ಜಿ, ತೊಳೆದು, ಪೂರ್ತಿ ಒಣಗಲು ಬಿಡಿ. ಕಾರಿನಡಿಗೆ ಹೋಗುವ ಮುನ್ನ ಸಮತಟ್ಟು ನೆಲದಲ್ಲಿ ಚಕ್ರಗಳಿಗೆ ಅಡೆ ಕೊಟ್ಟು, ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕಾರನ್ನು ಕೂರಿಸಿ. ಬರೀ ಜ್ಯಾಕ್ ನಂಬಿ ಅಡಿಗೆ ತಲೆ ಹಾಕಲೇಬಾರದು.

ಗಾಳಿ ಹೋಗಲು ದಾರಿ ಇದೆಯೇ?

ಪಾನಾ ಕೈಗೆತ್ತಿಕೊಳ್ಳುವ ಮುನ್ನ ಬ್ರೀದರ್ ನೋಡಿ. ಪಿಸ್ಟನ್ ರಿಂಗುಗಳನ್ನು ದಾಟಿ ಒಂದಿಷ್ಟು ಅನಿಲ ಯಾವಾಗಲೂ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅದು ಬ್ರೀದರ್ ಮೂಲಕ ಹೊರಹೋಗಬೇಕು. ಆ ಪೈಪಿನಲ್ಲಿ ಕಿಟ್ಟ ಕಟ್ಟಿದ್ದರೆ, ಅಥವಾ ಹಳೆಯ ರಬ್ಬರ್ ಒಳಗೇ ಕುಸಿದು ಮುಚ್ಚಿಕೊಂಡಿದ್ದರೆ, ಒಳಗಿನ ಒತ್ತಡ ಆಯಿಲ್ಲನ್ನು ಸಿಕ್ಕ ಸಿಕ್ಕ ಸೀಲಿನಿಂದ ಹೊರದೂಡುತ್ತದೆ. ಒಂದೇ ಸಲಕ್ಕೆ ನಾಲ್ಕಾರು ಕಡೆ ಜಿನುಗತೊಡಗಿದರೆ ನನ್ನ ಅನುಮಾನ ಮೊದಲು ಹೋಗುವುದು ಇಲ್ಲಿಗೇ. ಎಂಜಿನ್ ಐಡಲಿನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ಅಂಗೈಯನ್ನು ಹತ್ತಿರ ಹಿಡಿಯಿರಿ. ಬುಸುಬುಸು ಎಂದು ಗಾಳಿ ಒದೆಯುತ್ತಿದ್ದರೆ ಪೈಪನ್ನು ಬಿಚ್ಚಿ ಶುಚಿ ಮಾಡಿ. ಆಮೇಲೂ ಒದೆತ ನಿಲ್ಲದಿದ್ದರೆ ರಿಂಗುಗಳು ಸವೆದಿರಬಹುದು. ಆಗ ಎಷ್ಟು ಸೀಲ್ ಬದಲಿಸಿದರೂ ನೀರಿನಲ್ಲಿ ಹೋಮ ಮಾಡಿದಂತೆ.

ಹೊತ್ತು, ಪುಡಿ, ಬೆಳಕು

ಅಡಿಯಲ್ಲಿ ದೊಡ್ಡ ರಟ್ಟು ಹಾಸಿ, ಚಕ್ರಗಳಿರುವ ಜಾಗವನ್ನು ಅದರ ಮೇಲೆ ಗುರುತು ಮಾಡಿ. ನಿಂತಲ್ಲೇ ರಾತ್ರಿಯಿಡೀ ಹನಿಯುತ್ತಿದ್ದರೆ ಡ್ರೈನ್ ಪ್ಲಗ್, ಸಂಪ್‌ನಂಥ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಂಥ) ತಗ್ಗಿನ ಭಾಗಗಳ ಮೇಲೆ ಕಣ್ಣಿಡಿ. ಎಂಜಿನ್ ಓಡುವಾಗ ಮಾತ್ರ ಸೋರಿದರೆ ಪ್ರೆಶರ್ ಇರುವ ಜಾಗಗಳನ್ನು, ಅಂದರೆ ಫಿಲ್ಟರ್, ಸ್ವಿಚ್, ಗೇಜಿಗೆ ಹೋಗುವ ಪೈಪುಗಳನ್ನು ನೋಡಿ.

ಅನುಮಾನವಿರುವ ಒಣ ಜಾಗದ ಮೇಲೆ ತೆಳುವಾಗಿ ಟಾಲ್ಕಂ ಪೌಡರ್ ಉದುರಿಸಿ ಎಂಜಿನ್ ಓಡಿಸಿ. ಜಿನುಗಿದಲ್ಲಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಹಟಮಾರಿ ಸೋರಿಕೆಗೆ ಇನ್ನೂ ಒಳ್ಳೆಯ ದಾರಿ ಆಯಿಲ್‌ಗೆ ಬೆರೆಸುವ ಹೊಳೆಯುವ ಡೈ. 10–15 ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ, ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಿಡಿದರೆ ಸೋರಿದ ದಾರಿಯೆಲ್ಲ ಹಳದಿ ಹಸಿರಾಗಿ ಹೊಳೆಯುತ್ತದೆ. ಹಳದಿ ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೂ ಕ್ಷೇಮ, ಗೆರೆಯೂ ಸ್ಪಷ್ಟ.

ನನ್ನ ಸ್ವಿಚ್ಚಿನ ಗುಟ್ಟು ಬಯಲಾದದ್ದು ಮಾತ್ರ ಬರಿಗಣ್ಣಿಗೆ. ಒರೆಸಿ ಒಣಗಿಸಿ, ಎಂಜಿನ್ ಚಾಲೂ ಮಾಡಿ ಟಾರ್ಚ್ ಹಿಡಿದು ಕೂತೆ. ಮೊದಲ ಮೂರು ನಿಮಿಷ ಏನೂ ಇಲ್ಲ. ಆಮೇಲೆ ವೈರ್ ಸಿಕ್ಕಿಸುವ ಪಿನ್ನಿನ ಬುಡದಲ್ಲಿ ಸಾಸಿವೆಯಷ್ಟು ಹನಿ ಮೂಡಿತು, ಕಡಲೆಯಷ್ಟಾಯಿತು, ತುಂಬಿ ವೈರಿನ ಬೆನ್ನೇರಿ ಬ್ಲಾಕಿನ ಹಿಂದೆ ಮರೆಯಾಯಿತು. ನಿಮ್ಮ ಕಾರಿನಲ್ಲೂ ಆ ವೈರ್ ಎಳೆದು ನೋಡಿ. ಕನೆಕ್ಟರಿನ ಒಳಗೆ ಆಯಿಲ್ ಇದ್ದರೆ ಸ್ವಿಚ್ ಬದಲಿಸುವುದೇ ದಾರಿ.

ಮೇಲಿನಿಂದ ಕೆಳಕ್ಕೆ

ಎಂಜಿನ್ನಿನ ನೆತ್ತಿಯ ಮೇಲಿನ ಟ್ಯಾಪೆಟ್ ಕವರಿನ ಕಾರ್ಕ್ ಪ್ಯಾಕಿಂಗ್ ವಯಸ್ಸಾದಂತೆ ಗಡಸಾಗುತ್ತದೆ. ಸೋರಿತೆಂದು ಬೋಲ್ಟುಗಳನ್ನು ಬಲವಾಗಿ ಬಿಗಿಯುವುದೇ ಎಲ್ಲರೂ ಮಾಡುವ ತಪ್ಪು: ಕಾರ್ಕ್ ಹಿಂಡಿಹೋಗುತ್ತದೆ, ತಗಡಿನ ಅಂಚು ಬೋಲ್ಟಿನ ಸುತ್ತ ಕುಳಿ ಬೀಳುತ್ತದೆ. ಕವರನ್ನು ತೆಗೆದು, ಅದರ ಅಂಚು ಗಾಜಿಗೆ ತಾಗುವಂತೆ ಗಾಜಿನ ಮೇಲೆ ಕೂರಿಸಿದರೆ ಸೊಟ್ಟ ಕಾಣುತ್ತದೆ. ಕುಳಿಯನ್ನು ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ಬಡಿದು ಸಮ ಮಾಡಿ, ಹೊಸ ಕಾರ್ಕನ್ನು ಕವರಿನ ಬದಿಗೆ ಮಾತ್ರ ಅಂಟಿಸಿ. ಇದರ ಹಿಂದಿನ ಮೂಲೆಯಿಂದ ಇಳಿದ ಆಯಿಲ್ ಕ್ಲಚ್ ಹೌಸಿಂಗಿನ ಮೇಲೇ ಬೀಳುವುದರಿಂದ ಹಿಂದಿನ ಸೀಲಿಗೆ ಕೆಟ್ಟ ಹೆಸರು.

ಡಿಸ್ಟ್ರಿಬ್ಯೂಟರ್ ಬುಡದ ರಿಂಗ್, ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಪ್ಯಾಕಿಂಗ್ ನೋಡಿ ಮುಂದೆ ಹೋಗಿ. ಫಿಲ್ಟರ್ ಬದಲಿಸುವಾಗ ಹಳೆಯ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿಕೊಂಡು ಎರಡು ರಿಂಗ್ ಕೂತಿವೆಯೇ ಎಂದು ಪರೀಕ್ಷಿಸಿ. ಮುಂದಿನ ಪುಲ್ಲಿಯ ಸುತ್ತ ಆಯಿಲ್ ಚಿಮ್ಮಿದ್ದರೆ ಟೈಮಿಂಗ್ ಕವರಿನ ಸೀಲ್. ಪುಲ್ಲಿಯ ಕುತ್ತಿಗೆಯನ್ನು ಉಗುರಿನಿಂದ ಗೀರಿ. ಸವೆದ ತೋಡು ಉಗುರಿಗೆ ಸಿಕ್ಕಿದರೆ ಅಲ್ಲಿಗೆ ತೆಳು ಉಕ್ಕಿನ ಕವಚ (ಸ್ಲೀವ್) ತೊಡಿಸದೆ ಹೊಸ ಸೀಲ್ ನಿಲ್ಲದು. ಡ್ರೈನ್ ಪ್ಲಗ್ಗಿನ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗುತ್ತದೆ. ಸಂಪ್‌ಗೆ ಸೀಲಂಟ್ ಹಚ್ಚುವಾಗ ಕೈ ಬಿಗಿಹಿಡಿಯಿರಿ. ಒಳಗೆ ಉಕ್ಕಿದ ತುಣುಕು ಕಳಚಿ ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂತರೆ ಎಂಜಿನ್ನೇ ಹೋಗುತ್ತದೆ.

ಒಂದು ಸಲಕ್ಕೆ ಒಂದೇ ಭಾಗ ಸರಿಪಡಿಸಿ, ಒರೆಸಿ, ಸ್ವಲ್ಪ ದೂರ ಓಡಿಸಿ ಮತ್ತೆ ನೋಡಿ. ಮೇಲಿನದೆಲ್ಲ ಒಣಗಿದ್ದೂ ಹೌಸಿಂಗಿನ ಒಳಗಿನಿಂದಲೇ ಎಂಜಿನ್ ಆಯಿಲ್ ಬರುತ್ತಿದ್ದರೆ ಮಾತ್ರ ಗೇರ್‌ಬಾಕ್ಸಿಗೆ ಕೈ ಹಾಕಿ. ಅದಕ್ಕೂ ಮುನ್ನ ನಿಮ್ಮ ಎಂಜಿನ್ನಿಗೆ ಅಲ್ಲಿ ಸೀಲ್ ಇದೆಯೇ ಎಂದು ಕೈಪಿಡಿ ನೋಡಿಕೊಳ್ಳಿ. 1951ರಲ್ಲಿ ಆಸ್ಟಿನ್ ಎ30 ಕಾರಿನೊಂದಿಗೆ ಬಂದ ಎ-ಸೀರೀಸ್ ಎಂಜಿನ್ನಿನಲ್ಲಿ ರಬ್ಬರ್ ಸೀಲಿನ ಬದಲು ಕ್ರ್ಯಾಂಕಿನ ಮೇಲೆ ತಿರುಪಿನಂಥ ಗೆರೆಗಳಿದ್ದು, ತಿರುಗುವಾಗ ಅವು ಆಯಿಲ್ಲನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಎಂಜಿನ್ ನಿಂತರೆ ಆ ಎಳೆತವೂ ನಿಲ್ಲುತ್ತದೆ. ಅಂಥ ಕಾರಿನಡಿ ಬೆಳಿಗ್ಗೆ ಒಂದೆರಡು ಹನಿ ಕಂಡರೆ ಬ್ರೀದರ್ ಇನ್ನೊಮ್ಮೆ ಶುಚಿ ಮಾಡಿ, ರಟ್ಟನ್ನು ಅಲ್ಲೇ ಇರಲು ಬಿಡಿ.