ಮೋಟಾರ್ ನಿಲ್ಲುವಾಗಿನ ಕಂಪನ ಓದುವುದು ಹೇಗೆ?

ಮೋಟಾರ್ ಒಂದೇ ವೇಗದಲ್ಲಿ ಓಡುತ್ತಿದ್ದರೆ ಅದರ ಕಂಪನ ನೋಡಲು ಎಫ್‌ಎಫ್‌ಟಿ (ಕಂಪನದಲ್ಲಿ ಯಾವ ಆವರ್ತನ ಎಷ್ಟಿದೆ ಎಂದು ಬಿಡಿಸಿ ತೋರಿಸುವ ಲೆಕ್ಕ) ಬಹುಮಟ್ಟಿಗೆ ಸಾಕು. ಸ್ಟಾರ್ಟ್ ಆಗುವಾಗ, ನಿಲ್ಲುವಾಗ ಹಾಗಲ್ಲ. ವೇಗ ಬದಲಾಗುತ್ತಲೇ ಇರುತ್ತದೆ, ಎಫ್‌ಎಫ್‌ಟಿ ಎಲ್ಲವನ್ನೂ ಕಲಸಿಬಿಡುತ್ತದೆ. ಆಗ ಬೇಕಾಗುವುದು ಸ್ಪೆಕ್ಟ್ರೋಗ್ರಾಮ್. ಅಡ್ಡಕ್ಕೆ ಸಮಯ, ಮೇಲಕ್ಕೆ ಆವರ್ತನ, ಬಣ್ಣದಲ್ಲಿ ಕಂಪನದ ಜೋರು.

ಮೊದಲು ಸೆನ್ಸರ್. ಬೇರಿಂಗ್ ಕೂತಿರುವ ಗಟ್ಟಿ ಹೌಸಿಂಗ್ ಮೇಲೆ ಕಂಪನ ಅಳೆಯುವ ಆಕ್ಸೆಲೆರೋಮೀಟರ್ ಕೂರಿಸಿ. ತಗಡಿನ ಕವರ್ ಮೇಲೆ ಖಂಡಿತ ಬೇಡ, ಅದು ತನ್ನದೇ ಲೆಕ್ಕದಲ್ಲಿ ಅದುರುತ್ತದೆ.

ಆಮೇಲೆ ರೆಕಾರ್ಡಿಂಗ್. ನೋಡಬೇಕಾದ ಅತಿ ಹೆಚ್ಚಿನ ಆವರ್ತನದ ಎರಡು ಪಟ್ಟಿಗಿಂತ ಜಾಸ್ತಿ ಸ್ಯಾಂಪಲ್ (ಅಳತೆ) ಸೆಕೆಂಡಿಗೆ ಬೇಕು. ರೂಢಿಯಲ್ಲಿ 2.56 ಪಟ್ಟು ಇಡುತ್ತಾರೆ. 10,000 ಹರ್ಟ್ಜ್‌ವರೆಗೆ ನೋಡಲು ಸೆಕೆಂಡಿಗೆ 25,600 ಸ್ಯಾಂಪಲ್.

ಈಗ ವಿಂಡೋ ಉದ್ದ, ಅಂದರೆ ಒಂದು ಸಲಕ್ಕೆ ಲೆಕ್ಕ ಹಾಕುವ ರೆಕಾರ್ಡಿಂಗ್ ತುಣುಕಿನ ಉದ್ದ. ಇಡೀ ಕೆಲಸ ಕೆಡುವುದೂ ಇಲ್ಲೇ, ಗೆಲ್ಲುವುದೂ ಇಲ್ಲೇ. ಒಂದು ಸೆಕೆಂಡಿನ ವಿಂಡೋ ಇಟ್ಟರೆ ಆವರ್ತನ 1 ಹರ್ಟ್ಜ್ ಅಂತರದಲ್ಲಿ ಸಿಗುತ್ತದೆ, ಆದರೆ ಆ ಸೆಕೆಂಡಿನೊಳಗೆ ಯಾವಾಗ ಏನಾಯಿತು ತಿಳಿಯದು. 6205 ನಂಬರಿನ ಬೇರಿಂಗಿನ ಹೊರ ರಿಂಗಿನಲ್ಲಿ ಬಿರುಕಿದೆ ಅಂದುಕೊಳ್ಳಿ. ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ಸುಮಾರು 3.58 ಪೆಟ್ಟು ಬೀಳುತ್ತವೆ. ನಿಮಿಷಕ್ಕೆ 2,970 ಸುತ್ತಿನಲ್ಲಿ ಅದು 5.6 ಮಿಲಿಸೆಕೆಂಡಿಗೊಂದು ಪೆಟ್ಟು. ಅವು ಬಿಡಿಬಿಡಿಯಾಗಿ ಕಾಣಬೇಕಾದರೆ ವಿಂಡೋ 2 ಮಿಲಿಸೆಕೆಂಡಿನಷ್ಟು ಚಿಕ್ಕದಿರಬೇಕು. ಆಗ ಆವರ್ತನದ ಅಂತರ 500 ಹರ್ಟ್ಜ್ ಆಗಿಬಿಡುತ್ತದೆ! ಎರಡೂ ಒಟ್ಟಿಗೆ ಸಿಗುವುದಿಲ್ಲ. ಹಾಗಾಗಿ ಒಂದೇ ರೆಕಾರ್ಡಿಂಗಿನಿಂದ ಉದ್ದದ್ದೊಂದು, ಗಿಡ್ಡದ್ದೊಂದು, ಎರಡು ಚಿತ್ರ ತೆಗೆಯಿರಿ. ಹ್ಯಾನ್ ವಿಂಡೋ (ತುಣುಕಿನ ಎರಡೂ ತುದಿಯನ್ನು ಮೆಲ್ಲಗೆ ಸೊನ್ನೆಗಿಳಿಸುವುದು), 75% ಓವರ್‌ಲ್ಯಾಪ್ (ಒಂದು ತುಣುಕು ಹಿಂದಿನದರ ಮೇಲೆ ಅಷ್ಟು ಹೊದ್ದಿರುವುದು) ಇಟ್ಟು ಶುರು ಮಾಡಬಹುದು. ವೇವ್‌ಲೆಟ್ ಎಂಬ ಇನ್ನೊಂದು ಲೆಕ್ಕ ಬಳಸಿದರೆ ಕೆಳಗಿನ ಆವರ್ತನಕ್ಕೆ ಉದ್ದ, ಮೇಲಿನದಕ್ಕೆ ಗಿಡ್ಡ ವಿಂಡೋ ತಾನಾಗಿಯೇ ಬರುತ್ತದೆ.

ಇನ್ನು ಓದುವುದು. 50 ಹರ್ಟ್ಜ್ ವಿದ್ಯುತ್ತಿನಲ್ಲಿ 2,970 ಸುತ್ತಿನ ಮೋಟಾರಿನ ಎರಡು ಪಟ್ಟು ವೇಗದ ಗೆರೆ 99 ಹರ್ಟ್ಜ್‌ನಲ್ಲಿ ಇರುತ್ತದೆ. ಅಲೈನ್‌ಮೆಂಟ್ ತಪ್ಪಿದ್ದರೆ (ಮೋಟಾರಿನ ಶಾಫ್ಟ್, ಅದು ಓಡಿಸುವ ಯಂತ್ರದ ಶಾಫ್ಟ್ ಒಂದೇ ನೇರಕ್ಕಿಲ್ಲದಿದ್ದರೆ) ಅದು ಏರುವುದುಂಟು. ವಿದ್ಯುತ್ತಿನ ಕಂಪನ ಪಕ್ಕದಲ್ಲೇ, 50ರ ಎರಡು ಪಟ್ಟು, 100 ಹರ್ಟ್ಜ್‌ನಲ್ಲಿ. ಎರಡೂ ಅಂಟಿಕೊಂಡಂತೆ ಕಾಣುತ್ತವೆ, ಅಲ್ವಾ? ಪವರ್ ಕಟ್ ಮಾಡಿ, ರೆಕಾರ್ಡಿಂಗ್ ಮಾತ್ರ ನಿಲ್ಲಿಸಬೇಡಿ. ವಿದ್ಯುತ್ತಿನ ಗೆರೆ ತಟ್ಟನೆ ಮಾಯವಾಗುತ್ತದೆ. ಶಾಫ್ಟಿನ ಗೆರೆ ವೇಗದ ಜೊತೆ ನಿಧಾನಕ್ಕೆ ಇಳಿಜಾರಾಗಿ ಇಳಿಯುತ್ತದೆ. ಇಷ್ಟು ಸುಲಭದ ಪರೀಕ್ಷೆಯನ್ನು ಬಿಟ್ಟು ಸುಮ್ನೆ ಮೋಟಾರ್ ಬಿಚ್ಚಬೇಡಿ.

ಇಳಿಯುವ ಗೆರೆ ಒಂದು ಕಡೆ ಇದ್ದಕ್ಕಿದ್ದಂತೆ ಹೊಳೆದರೆ ಅಲ್ಲಿ ಅನುರಣನವಿದೆ (ರೆಸೊನೆನ್ಸ್, ಯಂತ್ರದ ಸಹಜ ಆವರ್ತನಕ್ಕೆ ತಾಳೆಯಾಗಿ ಕಂಪನ ಜೋರಾಗುವುದು). ಮೂಲ ವೇಗದ ಗೆರೆ 30 ಹರ್ಟ್ಜ್ ದಾಟುವಾಗ ಹೊಳೆದರೆ ನಿಮಿಷಕ್ಕೆ 1,800 ಸುತ್ತು ಎಂದು ಬರೆದಿಟ್ಟುಕೊಳ್ಳಿ. ಮೋಟಾರನ್ನು ಆ ವೇಗದಲ್ಲೇ ಇಟ್ಟು ಓಡಿಸಬೇಡಿ.