ಹೊರದೇಶದಲ್ಲಿರುವ ನಮ್ಮವರಿಂದ ದೇಣಿಗೆ: ಕೊಪ್ಪಳ ಸೀಮೆಯ ಸಣ್ಣ ಟ್ರಸ್ಟುಗಳಿಗೆ ಕೈಪಿಡಿ

ಪುಷ್ಯ ಮಾಸದಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬಂತೆಂದರೆ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಒಟ್ಟಾಗಿ ಕುಳಿತು ಜೋಳದ ರೊಟ್ಟಿ ಬಡಿಯುತ್ತಾರೆ, ಆ ರೊಟ್ಟಿ ಬಂಡಿ, ಟ್ರ್ಯಾಕ್ಟರುಗಳಲ್ಲಿ ಮಹಾದಾಸೋಹಕ್ಕೆ ಬರುತ್ತದೆ. ಕೊಟ್ಟವರು ಯಾರೂ ರಸೀದಿ ಕೇಳುವುದಿಲ್ಲ. ಕೊಡುವುದೆಂದರೆ ಹೀಗೆಯೇ ಎಂದು ಬೆಳೆದ ನಮಗೆ, ಹೊರದೇಶದಿಂದ ಬರುವ ದೇಣಿಗೆಗೆ ಕಾನೂನು ಎಷ್ಟು ಕಾಗದ ಕೇಳುತ್ತದೆ ಎಂಬುದು ಬೇಗ ಮನಸ್ಸಿಗೆ ಇಳಿಯುವುದಿಲ್ಲ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಸಣ್ಣ ಟ್ರಸ್ಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಗುಳೆ ಹೋದವರ ಮಕ್ಕಳಿಗಾಗಿ ನಮ್ಮ ಟ್ರಸ್ಟು ವಸತಿ ಶಾಲೆಯೊಂದನ್ನು ನಡೆಸುತ್ತದೆ. ಅಪ್ಪ ಅವ್ವ ಬೆಂಗಳೂರಿಗೋ ಗೋವೆಗೋ ಕಟ್ಟಡದ ಕೆಲಸಕ್ಕೆ ಹೋದಾಗ ಮಕ್ಕಳು ನಮ್ಮಲ್ಲಿ ಉಳಿದು ಓದು ಮುಂದುವರಿಸುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಟೆಕ್ಸಾಸಿನಿಂದ ವಾಟ್ಸ್ಆ್ಯಪ್ ಸಂದೇಶ ಕಳುಹಿಸಿದ: "ಅಕೌಂಟ್ ನಂಬರ್ ಕಳಸ್ರಿ ಸರ್, ನಾಳೆನ ಹಾಕ್ತೀನಿ." ಸಂತೋಷದಲ್ಲಿ ನಂಬರ್ ಟೈಪ್ ಮಾಡಿ, ಕಳುಹಿಸುವ ಮುನ್ನ ಏಕೋ ತಡೆದು, "ತಮ್ಮಾ, ನಿನ್ನ ಪಾಸ್‌ಪೋರ್ಟ್ ಯಾವ ದೇಶದ್ದು?" ಎಂದು ಕೇಳಿದೆ. ಅವನು ಹಿಂದಿನ ವರ್ಷವೇ ಅಮೆರಿಕದ ಪೌರತ್ವ ಪಡೆದಿದ್ದ. ಆ ಹಣ ನಮ್ಮ ಸಾದಾ ಉಳಿತಾಯ ಖಾತೆಗೆ ಬಿದ್ದಿದ್ದರೆ ನಾವು ಕಾನೂನು ಮುರಿದಂತಾಗುತ್ತಿತ್ತು.

ಆದ್ದರಿಂದ ಮೊದಲ ಕೆಲಸವೆಂದರೆ ದಾನಿಗಳ ಪಟ್ಟಿಯನ್ನು ಪಾಸ್‌ಪೋರ್ಟಿನ ಪ್ರಕಾರ ಎರಡು ಪಾಲು ಮಾಡುವುದು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಲ್ಲರೂ ಎಫ್‌ಸಿಆರ್‌ಎ ಎನ್ನುವ ಕಾನೂನು, ದಾನಿಯ ಪೌರತ್ವವನ್ನು ನೋಡುತ್ತದೆಯೇ ಹೊರತು ಅವನಿರುವ ಊರನ್ನಾಗಲಿ, ಹಣ ಡಾಲರಿನಲ್ಲಿದೆಯೋ ರೂಪಾಯಿಯಲ್ಲಿದೆಯೋ ಎಂಬುದನ್ನಾಗಲಿ ನೋಡುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲೋ ಡಲ್ಲಾಸಿನಲ್ಲೋ ದುಡಿಯುವ ವ್ಯಕ್ತಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ, ಅದನ್ನು ಸಾದಾ ಖಾತೆಯಲ್ಲಿ ಪಡೆಯಬಹುದು. ಆದರೆ ಬೇರೆ ದೇಶದ ಪೌರತ್ವ ಪಡೆದವನು, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಅವನ ಕೈಯಲ್ಲಿ ಇದ್ದರೂ, ನಮ್ಮ ಓಣಿಯಲ್ಲೇ ಹುಟ್ಟಿದವನಾದರೂ, ಕಾನೂನಿನ ಕಣ್ಣಿಗೆ ವಿದೇಶಿ ಮೂಲವೇ. ಅವನು ರಜೆಗೆ ಕೊಪ್ಪಳಕ್ಕೆ ಬಂದು ರೂಪಾಯಿಯಲ್ಲಿ ಕೊಟ್ಟರೂ ಮಾತು ಬದಲಾಗುವುದಿಲ್ಲ.

ಈ ಗೆರೆ ಕಣ್ಣಿಗೆ ಕಾಣದಂತೆ ದಾಟಿಹೋಗುವ ಸಂದರ್ಭಗಳಲ್ಲೇ ಹೆಚ್ಚಿನ ಎಚ್ಚರ ಬೇಕು. ಭಾರತದ ಪೌರನೇ ಆದ ದಾನಿ ತನ್ನ ಕಚೇರಿಯ ಗೆಳೆಯರಿಂದ ಸಂಗ್ರಹಿಸಿ ಕಳುಹಿಸಿದ ಹಣ ಅವನ ಸ್ವಂತ ಉಳಿತಾಯವಲ್ಲ. ಅಮೆರಿಕದ ಅನೇಕ ಕಂಪನಿಗಳು ನೌಕರ ಕೊಟ್ಟಷ್ಟನ್ನೇ ತಾವೂ ಸೇರಿಸಿ ಕೊಡುತ್ತವೆ. ಆ ಸೇರಿಸಿದ ಪಾಲು ವಿದೇಶಿ ಕಂಪನಿಯ ಹಣ. ಅಲ್ಲಿನ ಕನ್ನಡ ಕೂಟಗಳು ಯುಗಾದಿ ಕಾರ್ಯಕ್ರಮದಲ್ಲಿ ಕೂಡಿಸಿದ ಹಣವೂ ಹಾಗೆಯೇ. ನಮ್ಮ ಆ ಹುಡುಗ ಬಹಳ ಪ್ರೀತಿಯಿಂದ ಇನ್ನೊಂದು ದಾರಿ ಹೇಳಿದ: "ಅಪ್ಪನ ಖಾತೆಗೆ ಹಾಕ್ತೀನ್ರಿ, ಅಪ್ಪ ನಿಮಗ ಕೊಡ್ತಾನ." ಇದೂ ಕೂಡದು. ವಿದೇಶಿ ಮೂಲದ ಹಣ ಒಬ್ಬರ ಕೈಯಿಂದಲ್ಲ, ನಾಲ್ವರ ಕೈ ದಾಟಿ ಬಂದರೂ ವಿದೇಶಿ ದೇಣಿಗೆಯಾಗಿಯೇ ಉಳಿಯುತ್ತದೆ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಕಾಯ್ದೆಯ ಉಲ್ಲಂಘನೆಗೆ ಐದು ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಇವೆ. ಹಳ್ಳಿಯ ಟ್ರಸ್ಟು, ಒಳ್ಳೆಯ ಉದ್ದೇಶ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ.

ಆರಂಭದಲ್ಲಿ ಭಾರತದ ಪಾಸ್‌ಪೋರ್ಟ್ ಉಳ್ಳವರನ್ನು ಮಾತ್ರ ಕೇಳುವುದೇ ಸಣ್ಣ ಟ್ರಸ್ಟಿಗೆ ಕ್ಷೇಮವೆಂದು ನನ್ನ ಅಭಿಪ್ರಾಯ. ಹೊರಗೆ ದುಡಿಯಲು ಹೋದ ನಮ್ಮ ಹುಡುಗರಲ್ಲಿ ಅಂಥವರು ಬಹಳ ಮಂದಿ ಇದ್ದಾರೆ. ಪ್ರತಿಯೊಬ್ಬರಿಂದ ಪಾಸ್‌ಪೋರ್ಟಿನ ಪ್ರತಿ ಮತ್ತು "ಇದು ನನ್ನ ಸ್ವಂತ ಉಳಿತಾಯದ ಹಣ" ಎಂಬ ಸಹಿ ಮಾಡಿದ ಪತ್ರ ಪಡೆದು, ರಸೀದಿಯ ನಕಲು ಪ್ರತಿಯ ಜೊತೆಗೇ ಫೈಲಿನಲ್ಲಿಡಿ. ಪೌರತ್ವ ಬದಲಾಗುತ್ತಿರುತ್ತದೆ, ಆದ್ದರಿಂದ ಪ್ರತಿ ವರ್ಷವೂ ಹೊಸದಾಗಿ ಕೇಳಬೇಕು. 80ಜಿ ಎಂದು ಜನ ಕರೆಯುವ ತೆರಿಗೆ ವಿನಾಯಿತಿ ಭಾರತದಲ್ಲಿ ತೆರಿಗೆ ಕಟ್ಟುವವರಿಗೆ, ಅದರಲ್ಲೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಉಪಯೋಗ. ಅದನ್ನು ಎಲ್ಲ ದಾನಿಗಳಿಗೂ ಆಸೆಯಂತೆ ತೋರಿಸುವುದು ತಪ್ಪು.

ವಿದೇಶಿ ಪೌರರಿಂದ ಪಡೆಯಲೇಬೇಕಾದರೆ ದಾರಿ ಎರಡು: ಎಫ್‌ಸಿಆರ್‌ಎ ಅಡಿಯಲ್ಲಿ ಪೂರ್ಣ ನೋಂದಣಿ, ಇಲ್ಲವೇ ಪೂರ್ವಾನುಮತಿ. ಪೂರ್ಣ ನೋಂದಣಿಗೆ ಸಂಸ್ಥೆ ಹುಟ್ಟಿ ಕನಿಷ್ಠ ಮೂರು ವರ್ಷ ಆಗಿರಬೇಕು, ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ತನ್ನ ಮುಖ್ಯ ಕೆಲಸಕ್ಕೆ ಒಟ್ಟು 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಎಫ್‌ಸಿ-3ಎ ಅರ್ಜಿಯನ್ನು ಕೇಂದ್ರ ಗೃಹ ಸಚಿವಾಲಯದ ಪೋರ್ಟಲಿನಲ್ಲಿ ಸಲ್ಲಿಸಬೇಕು. ಅಷ್ಟು ಖರ್ಚಿನ ದಾಖಲೆ ಇಲ್ಲದ ಹೊಸ ಸಂಸ್ಥೆಗೆ ಪೂರ್ವಾನುಮತಿಯ ದಾರಿ ಇದೆ: ಇಂಥ ದಾನಿ, ಇಂಥ ಕೆಲಸಕ್ಕೆ, ಇಷ್ಟು ಮೊತ್ತ ಎಂಬುದು ಖಚಿತವಾಗಿದ್ದು, ದಾನಿಯ ಒಪ್ಪಿಗೆ ಪತ್ರವೂ ಇದ್ದರೆ ಎಫ್‌ಸಿ-3ಬಿ ಅರ್ಜಿ ಹಾಕಬಹುದು. ಎರಡಕ್ಕೂ ಸ್ವಯಂಸೇವಾ ಸಂಸ್ಥೆಗಳಿಗಾಗಿ ಸರ್ಕಾರ ನಡೆಸುವ ದರ್ಪಣ ಪೋರ್ಟಲಿನ ಗುರುತಿನ ಸಂಖ್ಯೆ, ಪದಾಧಿಕಾರಿಗಳ ಆಧಾರ್ ಬೇಕಾಗುತ್ತದೆ. ಟ್ರಸ್ಟ್ ಡೀಡಿನಲ್ಲಿರುವ ಹೆಸರು, ಪ್ಯಾನ್ ಕಾರ್ಡಿನ ಹೆಸರು ಮತ್ತು ಪಾಸ್‌ಬುಕ್ಕಿನ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತವೆಯೇ ಎಂದು ಅರ್ಜಿಗೆ ಮುನ್ನವೇ ನೋಡಿಕೊಳ್ಳಿ. ನಮ್ಮ ಕಾಗದಗಳಲ್ಲಿ ಒಂದು ಕಡೆ 'ಗ್ರಾಮೀಣ', ಇನ್ನೊಂದು ಕಡೆ 'ಗ್ರಾಮೀಣಾಭಿವೃದ್ಧಿ' ಎಂದಿದ್ದುದನ್ನು ಸರಿಪಡಿಸುವುದರಲ್ಲೇ ಒಂದು ಬೇಸಿಗೆ ಕಳೆಯಿತು.

2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಮೊದಲು ಬಂದು ಇಳಿಯಬೇಕಾದ ಖಾತೆ ಒಂದೇ: ನವದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ತೆರೆದ ಎಫ್‌ಸಿಆರ್‌ಎ ಖಾತೆ. ಇದಕ್ಕಾಗಿ ದೆಹಲಿಗೆ ಹೋಗಬೇಕಾಗಿಲ್ಲ, ಹತ್ತಿರದ ಸ್ಟೇಟ್ ಬ್ಯಾಂಕ್ ಶಾಖೆಯ ಮೂಲಕವೇ ಕಾಗದ ಕಳುಹಿಸಬಹುದು. ಅಲ್ಲಿಂದ ಹಣವನ್ನು ಊರಿನ ಬ್ಯಾಂಕಿನ ಬಳಕೆ ಖಾತೆಗೆ ತರಿಸಿಕೊಳ್ಳಬಹುದು. ಈ ಖಾತೆಗಳಿಗೆ ಸ್ಥಳೀಯ ದೇಣಿಗೆಯ ಒಂದು ರೂಪಾಯಿಯೂ ಬೀಳಬಾರದು. ಆಡಳಿತ ವೆಚ್ಚ ಆ ವರ್ಷ ಬಂದ ವಿದೇಶಿ ದೇಣಿಗೆಯ ಶೇ. 20ನ್ನು ಮೀರಬಾರದು. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆಗಳು ತಮಗೆ ಬಂದ ವಿದೇಶಿ ಹಣದಲ್ಲಿ ನಮ್ಮಂಥವರಿಗೂ ಪಾಲು ಕೊಡುತ್ತಿದ್ದವು. ಅದೇ ತಿದ್ದುಪಡಿ ಆ ವರ್ಗಾವಣೆಯನ್ನೂ ನಿಲ್ಲಿಸಿದೆ. ನಮ್ಮ ಭಾಗದ ಸಣ್ಣ ಸಂಸ್ಥೆಗಳಿಗೆ ಇದರಿಂದ ಬಿದ್ದ ಪೆಟ್ಟು ದೊಡ್ಡದು.

ಕಾಗದ ಸರಿಯಾದ ಮೇಲೆ ಕೇಳುವ ಮಾತು. "ಬಡ ಮಕ್ಕಳಿಗೆ ಸಹಾಯ ಮಾಡಿ" ಎಂಬ ಪತ್ರಕ್ಕೆ ಉತ್ತರ ಬರುವುದು ಕಡಿಮೆ. ಜೋಳ, ಬೇಳೆ, ಎಣ್ಣೆ, ಸಿಲಿಂಡರ್, ಅಡುಗೆಯವರ ಸಂಬಳ ಇವನ್ನೆಲ್ಲ ಕೂಡಿಸಿ ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಮಗುವಿನ ತಿಂಗಳ ವೆಚ್ಚ ಸಿಗುತ್ತದೆ. ಅದು 1,800 ರೂಪಾಯಿ ಎಂದಿಟ್ಟುಕೊಳ್ಳಿ, ಸುಗ್ಗಿ ಮುಗಿದಾಗಿನಿಂದ ಮುಂಗಾರಿನವರೆಗೆ ಐದು ತಿಂಗಳಿಗೆ 9,000 ಆಗುತ್ತದೆ. ಹೊರದೇಶದಲ್ಲಿರುವವರು ಈ ಲೆಕ್ಕವನ್ನು ಒಂದು ನೋಟದಲ್ಲಿ ಅರ್ಥ ಮಾಡಿಕೊಂಡು, "ಹಂಗಾದ್ರ ಎರಡು ಮಕ್ಕಳದು ನಂದು" ಎನ್ನುತ್ತಾರೆ. ಮಕ್ಕಳ ಮುಖ, ಹೆಸರು ಇರುವ ಫೋಟೊ ಕಳುಹಿಸಬೇಡಿ. ಅಂಗಳದಲ್ಲಿ ಒಣಗುವ ತಟ್ಟೆಗಳ ಸಾಲು, ಕಿರಾಣಿ ಅಂಗಡಿಯ ಬಿಲ್ಲು ಇವು ಸಾಕು, ಮಗುವಿನ ಮಾನವೂ ಉಳಿಯುತ್ತದೆ.

ಫೋನ್ ಮಾಡುವುದಾದರೆ ನಮ್ಮ ಭಾನುವಾರ ಬೆಳಗಿನ ಏಳು ಗಂಟೆ ಟೆಕ್ಸಾಸಿನ ಶನಿವಾರ ರಾತ್ರಿ ಊಟದ ಹೊತ್ತು. ಮನೆಯವರೆಲ್ಲ ಇರುತ್ತಾರೆ, ಮಾತಿಗೆ ಬಿಡುವು ಇರುತ್ತದೆ. ಅಮೆರಿಕದಲ್ಲಿ ತೆರಿಗೆ ವರ್ಷ ಡಿಸೆಂಬರ್ 31ಕ್ಕೆ ಮುಗಿಯುವುದರಿಂದ ಅಲ್ಲಿನವರು ದಾನದ ಲೆಕ್ಕ ಹಾಕುವುದು ಆ ತಿಂಗಳಲ್ಲೇ. ಆದರೆ ನಮ್ಮ ಟ್ರಸ್ಟಿಗೆ ನೇರವಾಗಿ ಕೊಟ್ಟ ಹಣಕ್ಕೆ ಅಲ್ಲಿ ಸಾಮಾನ್ಯವಾಗಿ ವಿನಾಯಿತಿ ಸಿಗುವುದಿಲ್ಲವೆಂದು ಮೊದಲೇ ಹೇಳಿಬಿಡಿ. ಜಾತ್ರೆಗೆ ಊರಿಗೆ ಬಂದವರನ್ನು ಶಾಲೆಗೆ ಕರೆದು, ಮಕ್ಕಳ ಪಂಕ್ತಿಯಲ್ಲೇ ಊಟಕ್ಕೆ ಕೂಡಿಸಿ, ಖರ್ಚಿನ ಪುಸ್ತಕವನ್ನು ಕೈಗೆ ಕೊಡಿ.

ನೋಂದಣಿ ಸಿಕ್ಕ ಮೇಲೆ ಪ್ರತಿ ವರ್ಷದ ಲೆಕ್ಕವನ್ನು ಎಫ್‌ಸಿ-4 ನಮೂನೆಯಲ್ಲಿ, ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಆ ವರ್ಷ ಒಂದು ಪೈಸೆ ಬಾರದಿದ್ದರೂ ಶೂನ್ಯ ಎಂದು ಬರೆದು ಸಲ್ಲಿಸಬೇಕು. ನೋಂದಣಿಯ ಅವಧಿ ಐದು ವರ್ಷ. ಮುಗಿಯುವ ದಿನಾಂಕವನ್ನು ಕಚೇರಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ, ಅದಕ್ಕೆ ಆರು ತಿಂಗಳು ಇರುವಾಗಲೇ ನವೀಕರಣದ ಕಾಗದ ಹೊರಡಲಿ.