ಸಂಗೀತ ಕಛೇರಿಯ ಕಳೆಯನ್ನು ಇಂಗ್ಲಿಷಲ್ಲಿ ಹೇಳಲು ಕೆಲವು ಪದಗಳು

ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್ (ಮಾತಾಡುವ) ಭಾಗಕ್ಕೆ ತಯಾರಾಗುತ್ತಿರುವವರೇ, ಲೈವ್ ಸಂಗೀತದ ಬಗ್ಗೆ ಕೇಳಿದರೆ ಎಲ್ಲದಕ್ಕೂ ಸುಮ್ನೆ ‘ನೈಸ್’ ಅನ್ನಬೇಡಿ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿ ನೆನಪಿಸಿಕೊಳ್ಳಿ. ಪೆಂಡಾಲ್ ತುಂಬಿದ್ದರೆ ‘ಪ್ಯಾಕ್ಡ್’. ಆಲಾಪನೆ ಶುರುವಾದಾಗ ಎಲ್ಲರೂ ಮೈಮರೆತು ಕೂರುತ್ತಾರೆ ಅಲ್ವಾ, ಅದಕ್ಕೆ ‘ಸ್ಪೆಲ್‌ಬೌಂಡ್’. ನನಗೆ ತುಂಬಾ ಇಷ್ಟದ ಪದ ಇದು. ಆದರೆ ಇದನ್ನು ಕೇಳುಗರಿಗೆ ಹೇಳಬೇಕು. ಹಾಡಿಗೆ ಹೇಳುವುದಾದರೆ ‘ಸ್ಪೆಲ್‌ಬೈಂಡಿಂಗ್’. ಈ ಎರಡನ್ನು ಅದಲು ಬದಲು ಮಾಡಬೇಡಿ.

ತನಿ ಆವರ್ತನದಲ್ಲಿ (ತಾಳವಾದ್ಯಗಳು ಮಾತ್ರ ನುಡಿಯುವ ಭಾಗ) ಮೃದಂಗ, ಘಟ ಪೈಪೋಟಿಗೆ ಬಿದ್ದಾಗ ‘ಎಲೆಕ್ಟ್ರಿಫೈಯಿಂಗ್’. ಮನೆಯ ಹಾಲ್‌ನಲ್ಲಿ 30 ಜನ ಕೂತು ಕೇಳುವ ಬೈಠಕ್‌ಗೆ ‘ಇಂಟಿಮೇಟ್’. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರೆ ‘ಸ್ಟ್ಯಾಂಡಿಂಗ್ ಓವೇಶನ್’. ಇದರ ಜೊತೆ ‘ಗಿವ್’ ಬಳಸಿ, ‘ಡೂ’ ಬೇಡ.